ಮಿಂಚಿಯ ಜೋಗುಳ

"ಈ ದನಿ ನಿಮಗ ಎಲ್ಲಿ ಸಿಕ್ತ್ರಿ?"

ಪೀಣ್ಯದ ಗಾರ್ಮೆಂಟ್ ಫ್ಯಾಕ್ಟರಿ ಎದುರಿನ ಟೀ ಅಂಗಡಿಯಲ್ಲಿ ಗೆಳತಿ ವೇಣಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸುತ್ತಿದ್ದ ಭಾಗ್ಯಶ್ರೀ ಬೆಚ್ಚಿ ತಲೆಯೆತ್ತಿದಳು. ಎದುರಿಗೆ ಒಬ್ಬ ಅಪರಿಚಿತ. ಅಂಗಿಯ ಮೇಲೆಲ್ಲ ಮಷಿನ್ ಎಣ್ಣೆಯ ಕಲೆ. ಕೈಯಲ್ಲಿ ಟೀ ಲೋಟ.

ಮಾತನಾಡಿಸಲು ನೆಪ ಹುಡುಕುವ ಗಂಡಸರನ್ನು ಭಾಗ್ಯ ಆ ಗೇಟಿನಲ್ಲಿ ಬೇಕಾದಷ್ಟು ನೋಡಿದ್ದಳು. ಆದರೆ ನೆಪಕ್ಕಾಗಿ ಯಾರಾದರೂ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಾರೆಯೇ?

"ನಮ್ಮೂರ ಕಡೆಯವರ ಗ್ರೂಪಿನ್ಯಾಗ ಬಂದಿತ್ರಿ. ಯಾಕ?"

"ಅದು ನಮ್ಮವ್ವನ ದನಿ."

ಭಾಗ್ಯಳ ಬೆರಳು ತಾನಾಗಿಯೇ ವಿಡಿಯೋ ನಿಲ್ಲಿಸಿತು.

ಅದು ಮಿಂಚಿಯ ವಿಡಿಯೋ. ಮಿಂಚಿ ಅಂದರೆ ಕಾರ್ಟೂನ್ ಸರಣಿಯೊಂದರ ನಾಯಕಿ. ತಾಯಿಯಿಲ್ಲದ ಹುಡುಗಿ, ಒಂದು ಮೇಕೆ ಕಟ್ಟಿಕೊಂಡು ಊರೂರು ಅಲೆಯುತ್ತಾಳೆ, ಪ್ರತಿ ಕಂತಿನಲ್ಲೂ ಅವ್ವನನ್ನು ಹುಡುಕುತ್ತಾಳೆ. ಇಷ್ಟು ದೊಡ್ಡವಳಾಗಿ ಕಾರ್ಟೂನ್ ನೋಡ್ತೀಯಲ್ಲೇ ಎಂದು ವೇಣಿ ಎಷ್ಟು ರೇಗಿಸಿದರೂ ಭಾಗ್ಯಳಿಗೆ ಮಿಂಚಿ ಅಂದರೆ ಜೀವ. ಅವಳ ದೃಶ್ಯಗಳನ್ನು ಆರಿಸಿ, ಕತ್ತರಿಸಿ, ಹಾಡಿಗೆ ಕೂಡಿಸಿ ಇಂಟರ್ನೆಟ್ಟಿನಲ್ಲಿ ಹಾಕುವುದೇ ಭಾನುವಾರದ ಕೆಲಸ. ಈ ಸಲ ಮಿಂಚಿ ಮರದಡಿ ಒಬ್ಬಳೇ ಮಲಗುವ ದೃಶ್ಯಕ್ಕೆ ಯಾರೋ ಹೆಂಗಸಿನ ಜೋಗುಳ ಕೂಡಿಸಿದ್ದಳು. ನೋಡಿದವರೆಲ್ಲ ಅತ್ತಿದ್ದರು. ಭಾಗ್ಯ ಹಿಗ್ಗಿದ್ದೂ ಹಿಗ್ಗಿದ್ದೇ.

ಆ 'ಯಾರೋ ಹೆಂಗಸಿನ' ಮಗ ಈಗ ಎದುರಿಗೇ ನಿಂತಿದ್ದ!

ಹೆಸರು ಸಂಗಮೇಶ. ಪಕ್ಕದ ರಸ್ತೆಯ ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷಿನ್ ಕೆಲಸ. ಚಿಕ್ಕಂದಿನಲ್ಲಿ ನನ್ನನ್ನು ಹೇಗೆ ಮಲಗಿಸ್ತಿದ್ದಿ ಅಂತ ದೀಪಾವಳಿಗೆ ಊರಿಗೆ ಹೋದಾಗ ಕೇಳಿದ್ದನಂತೆ. ಅವ್ವ ನಕ್ಕು, ನಾಚಿಕೊಂಡು, ಕೊನೆಗೆ ಹಾಡಿದ್ದಳಂತೆ. ರೆಕಾರ್ಡ್ ಮಾಡಿಕೊಂಡು ಅಕ್ಕನಿಗೆ ಕಳಿಸಿದ್ದ, ಅಕ್ಕ ಅದನ್ನು ಗ್ರೂಪಿಗೆ ಹಾಕಿದ್ದಳು. ಬೇಸಿಗೆಯಲ್ಲಿ ಅವ್ವ ತೀರಿಕೊಂಡಳು. ಅದಾದ ಮೇಲೆ ಇವನ ಮೊಬೈಲ್ ಮಷಿನ್ನಿನ ಎಣ್ಣೆ ತೊಟ್ಟಿಗೆ ಬಿದ್ದು ಸತ್ತಿತು. ಅಕ್ಕನದ್ದೂ ಕೆಟ್ಟುಹೋಗಿತ್ತು.

"ಇನ್ನೊಂದು ನುಡಿ ಐತ್ರಿ ಅದರಾಗ. ನನ್ನ ಹೆಸರು ಹಿಡಿದು ಹಾಡ್ಯಾಳ. ಅದೊಂದು ಕೇಳಸ್ರಿ, ಸಾಕು."

ಭಾಗ್ಯ ಮೊಬೈಲನ್ನು ಕೆಳಗಿಳಿಸಿದಳು. ಆ ನುಡಿಯನ್ನು ಕತ್ತರಿಸಿ ಎಸೆದಿದ್ದವಳು ಅವಳೇ. ಮೊಬೈಲಿನಲ್ಲಿ ಯಾವಾಗಲೂ ಜಾಗ ಸಾಲದು. ವಿಡಿಯೋ ತಯಾರಾದ ತಕ್ಷಣ ಮಿಕ್ಕಿದ್ದನ್ನೆಲ್ಲ ಅಳಿಸಿಬಿಡುವುದು ಅವಳ ರೂಢಿ.

"ಅದು... ಅಳಿಸಿಬಿಟ್ಟೀನ್ರಿ."

ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವನು ಲೋಟವನ್ನು ಕಟ್ಟೆಯ ಮೇಲಿಟ್ಟು ಸುಮ್ಮನೆ ತಲೆಯಾಡಿಸಿದ.

ಹುಡುಕೋಣ ಎಂದು ಅವಳೇ ಹೇಳಿದಳು. ಗ್ರೂಪಿನಲ್ಲಿದ್ದ ಒಬ್ಬೊಬ್ಬರಿಗೂ ಫೋನ್ ಮಾಡಿದಳು. ಫೋನಿಗೆ ಸಿಗದವರ ಮನೆಗಳಿಗೆ ಭಾನುವಾರಗಳಲ್ಲಿ ಇಬ್ಬರೂ ಹೋದರು. ಚಿಕ್ಕಬಾಣಾವರದ ಬಾಡಿಗೆ ಕೋಣೆಗಳು, ಕಟ್ಟಡ ಕೆಲಸದವರ ಶೆಡ್ಡುಗಳು, ಒಮ್ಮೆ ಸರ್ಜಾಪುರದವರೆಗೂ. ಎಲ್ಲರ ಮೊಬೈಲಿನಲ್ಲೂ ಒಂದೇ ಕತೆ. ತಿಂಗಳುಗಳ ಹಿಂದೆ ಬಂದದ್ದು, ಒತ್ತಿದರೆ ತೆರೆಯುವುದಿಲ್ಲ, ಕಳಿಸಿದವರನ್ನೇ ಮತ್ತೊಮ್ಮೆ ಕೇಳಿ ಅನ್ನುತ್ತದೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಅವಳಿಗೆ ಬಿಡುತ್ತಿದ್ದ. ಅವ್ವನ ಬಗ್ಗೆ ಹೇಳುತ್ತಾ ಹೇಳುತ್ತಾ ಒಮ್ಮೊಮ್ಮೆ ನಕ್ಕುಬಿಡುತ್ತಿದ್ದ. ಆ ನಗು ಕಂಡಾಗಲೆಲ್ಲ ಭಾಗ್ಯಳಿಗೆ ಒಳಗೊಳಗೇ ಏನೋ ಆಗುತ್ತಿತ್ತು. ಮಾಡಿದ್ದು ಇಂಥ ಘನಂದಾರಿ ಕೆಲಸ, ಅದರ ಮೇಲೆ ಪ್ರೀತಿ ಬೇರೆ ಕೇಡು ನಿನಗೆ... ಎಂದು ತನ್ನನ್ನೇ ಬೈದುಕೊಂಡಳು. ಮನಸ್ಸು ಕೇಳಬೇಕಲ್ಲ!

ಕೊನೆಯ ಮನೆಯೂ ಮುಗಿಯಿತು. ನುಡಿ ಸಿಗಲಿಲ್ಲ.

ಆ ಸಂಜೆ ರೂಮಿಗೆ ಬಂದವಳು ಮಿಂಚಿಯ ವಿಡಿಯೋ ತೆರೆದಳು. ಕೆಳಗೆ ಇನ್ನೂ ಮೆಚ್ಚುಗೆಗಳು ಬರುತ್ತಲೇ ಇದ್ದವು. ಇನ್ನೊಬ್ಬರ ಅವ್ವನನ್ನು ಇಟ್ಟುಕೊಂಡು ಹೊಗಳಿಸಿಕೊಳ್ಳುತ್ತಿದ್ದೇನಲ್ಲ ಎಂದು ಮೈ ಹಿಡಿಯಾಯಿತು. ತೆಗೆದುಹಾಕಿಬಿಟ್ಟಳು. ಹಾಗೆ ಮಾಡಿದರೆ ಅವನಿಗೆ ಸಮಾಧಾನವಾದೀತು ಎಂದುಕೊಂಡಿದ್ದಳು, ಪಾಪ.

ಮರುದಿನ ಗೇಟಿನ ಬಳಿ ನಿಂತಿದ್ದ ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ದಿನಾ ಕೆಲಸಕ್ಕೆ ಹೋಗೂ ಮುಂಚೆ ಅದನ್ನ ಕೇಳಿ ಹೊಕ್ಕಿದ್ದೆ. ಹೆಸರು ಇರ್ಲಿಲ್ಲ, ಖರೆ. ಅಷ್ಟಾದ್ರೂ ಇತ್ತಲ್ರಿ. ಅದನ್ನೂ ತಗದ್ರಿ?"

ಉತ್ತರಕ್ಕೂ ಕಾಯದೆ ಹೊರಟುಹೋದ. ಭಾಗ್ಯ ರಸ್ತೆಯಲ್ಲೇ ಅತ್ತಳು. ಪುಣ್ಯಕ್ಕೆ, ಹಾಕುವ ಮುಂಚೆ ತಯಾರಾಗಿದ್ದ ವಿಡಿಯೋ ಅವಳ ಮೊಬೈಲಿನಲ್ಲೇ ಉಳಿದಿತ್ತು. ಆಗಲೇ ಅವನಿಗೆ ಕಳಿಸಿದಳು. ಅವನು ನೋಡಿದ. ಉತ್ತರ ಬರಲಿಲ್ಲ.

ಎರಡು ಭಾನುವಾರ ಹಾಗೇ ಕಳೆದವು. ಮೂರನೆಯದಕ್ಕೆ ಅವನಾಗಿ ಫೋನ್ ಮಾಡಿ, ಚಿಕ್ಕಬಾಣಾವರದ ಸ್ಟೇಷನ್ನಿಗೆ ಬರಲು ಕೇಳಿದ. ಅವ್ವನ ಹೆಸರಲ್ಲಿ ಎಡೆ ಇಡುವ ಕಾರ್ಯಕ್ಕೆ ಸಂಜೆಯ ರೈಲಿಗೆ ಊರಿಗೆ ಹೊರಟಿದ್ದ. ಇಬ್ಬರೂ ಬೆಂಚಿನ ಮೇಲೆ ಕುಳಿತರು.

"ಒಂದು ಕೇಳ್ತೀನ್ರಿ," ಎಂದ. "ಅಷ್ಟೂ ಹಾಡು ಇಟ್ಕೊಂಡು ನನ್ನ ಹೆಸರೊಂದೇ ಯಾಕ ಕತ್ತರಿಸಿದ್ರಿ?"

ಈ ಪ್ರಶ್ನೆ ಬಂದೇ ಬರುತ್ತದೆಂದು ಅವಳಿಗೆ ಗೊತ್ತಿತ್ತು. ಕಾರ್ಟೂನಿಗೆ ಹೊಂದಲಿಲ್ಲ ಎಂದು ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ.

ತಾನು ಹಸುಗೂಸಾಗಿದ್ದಾಗಲೇ ಅವ್ವ ಹೋದಳೆಂದು ಹೇಳಿದಳು. ಅವಳು ಏನು ಹಾಡುತ್ತಿದ್ದಳೋ, ಹಾಡುತ್ತಿದ್ದಳೋ ಇಲ್ಲವೋ, ಹೇಳುವವರು ಯಾರೂ ಇರಲಿಲ್ಲ. ಈ ಜೋಗುಳ ಕೇಳುತ್ತಾ ಮಲಗಿದ ದಿನ, ಜೀವನದಲ್ಲಿ ಮೊದಲ ಸಲ, ತನ್ನನ್ನೂ ಯಾರೋ ತೂಗುತ್ತಿದ್ದಾರೆ ಅನ್ನಿಸಿತ್ತು. ಕೊನೆಗೆ ಆ ಹೆಸರು ಬಂದಾಗ...

"ಅದು ಬಂದ ಕೂಡ್ಲೆ ಹಾಡು ನಂದಲ್ಲ ಅನಸ್ತಿತ್ತು. ಹೊಟ್ಟಿಕಿಚ್ಚು ಬರ್ತಿತ್ರಿ. ಮಿಂಚಿಗಲ್ಲ, ನನಗಂತ ಕತ್ತರಿಸಿದೆ."

ಸಂಗಮೇಶ ಅವಳನ್ನೇ ನೋಡಿದ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವ್ವನಿಲ್ಲದ ಮನೆಗೆ ಹೋಗುವುದು ಏನೆಂದು ಅವನಿಗೆ ಈ ವರ್ಷ ಗೊತ್ತಾಗಿತ್ತು. ಈ ಹುಡುಗಿಗೆ ಹುಟ್ಟಿದಾಗಿನಿಂದ ಗೊತ್ತು.

"ಕತ್ತರಿಸೂ ಮುಂಚೆ ಬಾಳ ಸಲ ಕೇಳೀನ್ರಿ," ಎಂದಳು ಮೆಲ್ಲಗೆ. "ನುಡಿ ಬಾಯಾಗ ಐತಿ. ದನಿ ಮಾತ್ರ ನಂದು. ಬ್ಯಾಡ ಅಂದ್ರ ಬ್ಯಾಡ."

ಅವನು ಬೇಡ ಅನ್ನಲಿಲ್ಲ.

ಭಾಗ್ಯ ಸೆರಗಿನ ತುದಿ ಹಿಡಿದುಕೊಂಡು, ನೆಲ ನೋಡುತ್ತಾ ಹಾಡಿದಳು.

"ಬಳಿಯೆಲ್ಲ ಸವೆದಾವ ತೊಟ್ಟಿಲ ತೂಗೂತ, ಅಳಬ್ಯಾಡ ನನ್ನ ಸಂಗಮೇಶ..."

ದನಿ ಅವ್ವನದಲ್ಲ. ಅದು ಇನ್ನೆಂದೂ ಸಿಗುವುದಿಲ್ಲವೆಂದು ಆ ಕ್ಷಣದಲ್ಲಿ ಅವನಿಗೆ ಪೂರ್ತಿಯಾಗಿ ತಿಳಿಯಿತು. ಆದರೆ ಹೆಸರನ್ನು ಎಳೆಯುವ ರೀತಿ, 'ನನ್ನ' ಎನ್ನುವಲ್ಲಿ ಉಸಿರು ಹಿಡಿಯುವುದು, ಎಲ್ಲವೂ ಅವ್ವನದೇ. ಅವನು ಕೈಯಲ್ಲಿ ಮುಖ ಮುಚ್ಚಿಕೊಂಡ.

"ಇನ್ನೊಮ್ಮೆ ಹಾಡ್ರಿ."

"ಇವತ್ತ ಹಾಡ್ತೀನಿ. ಇನ್ ಮ್ಯಾಲ ನಿಮ್ಮ ಹೆಸರು ಬಾಯಾಗ ತರೂದಿಲ್ಲ ನಾ."

"ಯಾಕ್ರಿ? ಸಿಟ್ಟೇನು?"

ಭಾಗ್ಯಳ ಮುಖ ಕಿವಿಯವರೆಗೂ ಕೆಂಪೇರಿತು. "ನಮ್ಮ ಕಡೆ ಹೆಣ್ಮಕ್ಳು ಗಂಡನ ಹೆಸರು ಹೇಳ್ತಾರೇನ್ರಿ?"

ರೈಲು ಬರುತ್ತಿದೆಯೆಂದು ಮೈಕಿನಲ್ಲಿ ಕೂಗಿದರು. ಅವನು ಏಳಲಿಲ್ಲ. ಅವಳ ಕೈ ಹಿಡಿದ, ಮೊದಲ ಸಲ ಏಕವಚನದಲ್ಲಿ ಕರೆದ.

"ಹಂಗಾರ ಇವತ್ತ ಹೊಟ್ಟಿ ತುಂಬ ಹೇಳಿಬಿಡು, ಭಾಗ್ಯ."

ಅವಳು ಮತ್ತೆ ಹಾಡತೊಡಗಿದಳು. ಅವನ ಭುಜ ಅದುರುವುದು ಕಂಡು ನಡುವೆ ನಿಲ್ಲಿಸಿದಳು.

"ಅಳಬ್ಯಾಡ್ರಿ..."

"ನೀ ಹಾಡು," ಎಂದ ಅವನು. "ನಾ ಅಳ್ತೀನಿ."