ಫ್ರಿಜ್ಜಿನೊಳಗಿನ ಕರೆ

ಗುರ್ರ್... ಗುರ್ರ್...

ಆ ಸದ್ದು ಕಿವಿಗೆ ಬಿದ್ದದ್ದೇ ತಡ, ಮಧುರಾ ಬ್ಯಾಗನ್ನು ಎದೆಗವಚಿಕೊಂಡಳು.

ಸಿಯಾಟಲ್‌ನ ಅಂತರರಾಷ್ಟ್ರೀಯ ಚಿತ್ರೋತ್ಸವದ ಕೊನೆಯ ದಿನ. ಸ್ಪರ್ಧೆಯ ಕೊನೆಯ ಕಿರುಚಿತ್ರ ಓಡುತ್ತಿತ್ತು, ಅದು ಮುಗಿದ ಕೂಡಲೇ ಬಹುಮಾನ. ಪರದೆಯ ಮೇಲೆ ಖಾಲಿ ಅಡುಗೆಮನೆ. ಮಾತಿಲ್ಲ, ಸಂಗೀತವಿಲ್ಲ. ಅದು ಪಕ್ಕದ ಊರು ಬೆಲ್ವ್ಯೂನಲ್ಲಿರುವ ಅವಳದೇ ಅಡುಗೆಮನೆ!

ಚಿತ್ರ ಸುಪ್ರೀತನದು. ಮೂರು ವರ್ಷದಿಂದ ಅವಳು ಮಾತು ಬಿಟ್ಟ ಸುಪ್ರೀತ್! ಪಟ್ಟಿಯಲ್ಲಿ ಅವನ ಹೆಸರು ಕಂಡಾಗ ಹೋಗಲೇಬಾರದು ಅಂದುಕೊಂಡಿದ್ದಳು. ಮನಸ್ಸು ಕೇಳಬೇಕಲ್ಲ...

ಆಗ ಇಬ್ಬರಿಗೂ ಪ್ರೀತಿ. ವಾರವೆಲ್ಲ ಆಫೀಸು, ಶನಿವಾರ ಅವಳ ಮನೆಯಲ್ಲಿ ಶೂಟಿಂಗ್. ಎಲ್ಲ ಮುಗಿದ ಮೇಲೆ, ಎಡಿಟಿಂಗ್‌ನಲ್ಲಿ ಮಾತುಗಳ ನಡುವೆ ಸೇರಿಸಲೆಂದು ಸುಪ್ರೀತ್ ಆ ಕೋಣೆಯ ಮೌನವನ್ನು ಅರ್ಧ ನಿಮಿಷ ರೆಕಾರ್ಡ್ ಮಾಡುತ್ತಿದ್ದ. ಅದಕ್ಕಾಗಿ ಫ್ರಿಜ್ ಆಫ್ ಮಾಡಿ, ಎಲ್ಲರ ಫೋನನ್ನೂ ವೈಬ್ರೇಟ್‌ಗೆ ಹಾಕಿ ಅದರೊಳಗೆ ಇಡುವುದು. ಫೋನ್ ತೆಗೆಯುವಾಗ ಫ್ರಿಜ್ ಮತ್ತೆ ಆನ್ ಮಾಡಲು ಮರೆಯಬಾರದಲ್ಲ, ಅದಕ್ಕೆ ಈ ಉಪಾಯ.

ಅಂಥ ಒಂದು ಶನಿವಾರ ಆ ಅರ್ಧ ನಿಮಿಷದಲ್ಲೇ ಮೈಸೂರಿನಿಂದ ಅಮ್ಮ ರಾಧಮ್ಮ ಕಾಲ್ ಮಾಡಿದ್ದರು. ಆಮೇಲೆ ಮಗಳು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ. ಕೊನೆಗೆ ಎತ್ತಿದ್ದು ಪಕ್ಕದ ಮನೆಯವರು. ರಾಧಮ್ಮ ಹೃದಯಾಘಾತದಿಂದ ತೀರಿಕೊಂಡಿದ್ದರು.

"ಅಮ್ಮನ ಕೊನೇ ಮಾತು ನುಂಗಿಹಾಕಿದೆ ನೀನು!" ಎಂದ ಮಧುರಾ ಆಮೇಲೆ ಅವನ ಮುಖ ನೋಡಿರಲಿಲ್ಲ.

ಪರದೆಯ ಮೇಲೆ ಸದ್ದು ನಾಲ್ಕು ಸಲ ಬಂದು ನಿಂತಿತು.

ಐದನೆಯದು ಅವಳ ಬ್ಯಾಗಿನೊಳಗಿಂದ ಬಂತು!

ಒಳಗೆ ಬರುವಾಗಲೇ ಫೋನ್ ಸ್ವಿಚ್ ಆಫ್ ಮಾಡಿದ್ದಳು. ಕೈಗೆತ್ತಿಕೊಂಡು ನೋಡಿದಳು. ಆಗಷ್ಟೇ ಫ್ರಿಜ್ಜಿನಿಂದ ತೆಗೆದಂತೆ ಕೊರೆಯುತ್ತಿತ್ತು. ಎದ್ದು ಹೊರಗೆ ಓಡಿದಳು.

"ಮಧು!"

ಮಧ್ಯಾಹ್ನದ ಬೆಳಕು ತುಂಬಿದ್ದ ಲಾಬಿಯಲ್ಲಿ ಸುಪ್ರೀತ್ ಅವಳ ಹಿಂದೆಯೇ ಬಂದಿದ್ದ. ಎಷ್ಟು ಇಳಿದುಹೋಗಿದ್ದಾನೆ!

"ಅಮ್ಮನ ಕಾಲ್ ಸದ್ದನ್ನ ಚಿತ್ರದಲ್ಲಿ ಯಾಕೆ ಇಟ್ಟೆ? ಪ್ರೈಜ್‌ಗೋಸ್ಕರಾನಾ?"

"ಅಳಿಸೋಕೆ ಕೈ ಬರ್ಲಿಲ್ಲ..." ಅವನು ತಲೆ ತಗ್ಗಿಸಿದ. "ಅವತ್ತು ಹೆಡ್‌ಫೋನಲ್ಲಿ ನಂಗೆ ಅದು ಕೇಳಿಸ್ತು ಮಧು. ಇನ್ನೇನು ಹತ್ತು ಸೆಕೆಂಡ್ ಅಂತ ಸುಮ್ನಿದ್ದೆ. ಹೇಳೋ ಧೈರ್ಯ ಇರ್ಲಿಲ್ಲ."

ಅವನ ಕೆನ್ನೆಗೆ ಬಾರಿಸಬೇಕು ಅನಿಸಬೇಕಿತ್ತು. ಅನಿಸಲಿಲ್ಲ. ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಿದ್ದು ಅವಳೆದೆಯಲ್ಲೂ ಇತ್ತಲ್ಲ!

"ನಂಗೂ ಕೇಳಿಸಿತ್ತು," ಅಂದಳು. "ಫ್ರಿಜ್ ಪಕ್ಕದಲ್ಲೇ ನಿಂತಿದ್ದೆ. ಅಮ್ಮನೇ ಇರ್ಬೇಕು, ಆಮೇಲೆ ಮಾಡಿದ್ರಾಯ್ತು ಅಂದ್ಕೊಂಡೆ... ಆ ತಪ್ಪು ಹೊರೋಕಾಗ್ದೆ ಪೂರ್ತಿ ನಿನ್ನ ತಲೆಗೇ ಕಟ್ಟಿಬಿಟ್ಟೆ, ಸುಪ್ರೀತ್..."

ಇಬ್ಬರೂ ಅತ್ತರು. ಮೂರು ವರ್ಷದ ಅಳು ಅದು.

ಒಳಗಿನಿಂದ ಚಪ್ಪಾಳೆ. ಮೈಕಿನಲ್ಲಿ ಯಾರೋ ತಡವರಿಸುತ್ತ ಅವನ ಹೆಸರು ಕರೆದರು. ಮೊದಲ ಬಹುಮಾನ!

"ಹೋಗು, ಕರೀತಿದಾರೆ."

"ಕರೀಲಿ. ಈ ಸಲ ಅವರು ಕಾಯ್ಲಿ."

ಗುರ್ರ್...

ಅವಳ ಕೈಯಲ್ಲಿದ್ದ ಫೋನಿನ ಪರದೆ ಕಪ್ಪಗೇ ಇತ್ತು. ಆದರೂ ಅದು ನಡುಗುತ್ತಿತ್ತು.

"ನಿಂಗೂ... ಕೇಳಿಸ್ತಾ?"

"ಹ್ಞೂಂ." ಅವನ ಮುಖ ಬಿಳಿಚಿಕೊಂಡಿತ್ತು. ಆದರೂ ಅವಳ ಕೈ ಹಿಡಿದ. "ಎತ್ತು ಮಧು. ನಾನಿದೀನಿ."

ಕಿವಿಗಿಟ್ಟಳು. ದೂರದಲ್ಲೆಲ್ಲೋ ಕುಕ್ಕರ್ ಕೂಗಿತು, ಬಳೆಗಳ ಸದ್ದಾಯಿತು. ಆಮೇಲೆ ಪರಿಚಯದ ಒಂದು ಉಸಿರು.

"ಅಮ್ಮಾ... ಲೇಟಾಯ್ತು, ಬೈಬೇಡ... ಹ್ಞೂಂ, ಊಟ ಆಯ್ತು... ಇಲ್ಲೇ ಇದಾನೆ."

ಕಣ್ಣೀರಿನ ನಡುವೆಯೇ ನಕ್ಕು ಅವಳು ಫೋನನ್ನು ಅವನತ್ತ ಚಾಚಿದಳು.

"ನಿನ್ನ ಹತ್ರ ಮಾತಾಡ್ಬೇಕಂತೆ."

ಒಳಗೆ ಮೂರನೇ ಸಲ ಅವನ ಹೆಸರು ಕೂಗಿದರು. ಸುಪ್ರೀತ್ ಕಣ್ಣೊರೆಸಿಕೊಂಡು ಫೋನ್ ತೆಗೆದುಕೊಂಡ.

"ಹೇಳಿ... ಅತ್ತೆ."