ನೇಜಕ್ಕನ ದುರ್ಬೀನು

ಚಹಾದ ಕಪ್ಪು ಕೆಳಗಿಟ್ಟು ಫಕ್ರು ಚಾಚಾ ಮತ್ತೊಮ್ಮೆ ಕೇಳಿದ.

"ನೆನಪ ಮಾಡ್ಕೊಂಡು ಹೇಳ್ರಿ ಭಾಭಿ. ಅಣ್ಣಾ ಯಾರ ಕಡಿಂದರ ಏನರ ತಂದಿದ್ನೇನು?"

ಅಮ್ಮಿ ಇಲ್ಲವೆಂದು ತಲೆಯಾಡಿಸಿದಳು.

ಅಂಬರೀನ ಒಂದು ಇಡೀ ಬಿಸ್ಕಿಟನ್ನು ಬಾಯಿಗೆ ತುರುಕಿಕೊಂಡಳು. ಬಾಯಿ ತುಂಬಿದವರನ್ನು ಯಾರೂ ಏನೂ ಕೇಳುವುದಿಲ್ಲ.

ಅಬ್ಬಾ ತೀರಿಹೋದ ಮೇಲೆ ಆ ಮನೆಯಲ್ಲಿ ಒಲೆ ಹೊತ್ತಿದ್ದು ಇವತ್ತೇ. ಇಷ್ಟು ದಿನ ಓಣಿಯವರೇ ಊಟ ತಂದುಕೊಡುತ್ತಿದ್ದರು. ಬೈಲಹೊಂಗಲದಿಂದ, ಕಿತ್ತೂರಿನಿಂದ ಬಂದ ನೆಂಟರೆಲ್ಲ ನಿನ್ನೆ ಸಂಜೆ ಬಸ್ಸು ಹತ್ತಿದ್ದರು. ಇವತ್ತು ಚಹಾ ಇತ್ತು, ನಳದ ನೀರು ಬಂದಿತ್ತು, ಶಾಲೆ ಇತ್ತು.

ಚಾಚಾ ಹಾಗೆ ಕೇಳುವುದಕ್ಕೆ ಕಾರಣವಿತ್ತು. ತೀರಿಹೋದವರು ಯಾರದಾದರೂ ವಸ್ತುವನ್ನು ಕೇಳಿ ತಂದಿದ್ದರೆ ಮನೆಯವರು ಅದನ್ನು ಮುಟ್ಟಿಸಬೇಕು. ಇಲ್ಲದಿದ್ದರೆ ಅದರ ಭಾರ ಹೋದವರ ಮೇಲೆ ಉಳಿಯುತ್ತದೆ. ಅದಕ್ಕೇ ಮಣ್ಣು ಮಾಡುವ ಮೊದಲು, ನಮಾಜಿಗೆ ಸೇರಿದವರ ಎದುರು ನಿಂತು ಚಾಚಾ ಇದೇ ಮಾತು ಕೇಳಿದ್ದ. ಗ್ಯಾರೇಜಿನವನು ತನ್ನದೊಂದು ಜಾಕ್ ಇದೆ ಎಂದಿದ್ದ. ಅದನ್ನು ಅವತ್ತೇ ಕೊಟ್ಟಾಗಿತ್ತು.

ಇನ್ನೊಂದು ವಸ್ತು ಇತ್ತು. ಅಂಬರೀನಳ ಬೆನ್ನ ಹಿಂದೆಯೇ, ಮಡಚಿಟ್ಟ ಕೌದಿಗಳ ನಡುವೆ ಇತ್ತು. ಅದು ನೇಜಕ್ಕನ ದುರ್ಬೀನು. ಅದು ಇನ್ನೂ ತಿರುಗಿ ಹೋಗಿಲ್ಲ ಎಂದು ಮನೆಯಲ್ಲಿ ಅಂಬರೀನಳಿಗೆ ಮಾತ್ರ ಗೊತ್ತಿತ್ತು.

ನೇಜಕ್ಕ ಮುನವಳ್ಳಿಯವಳಲ್ಲ. ಸ್ಲೊವೇನಿಯಾ ಎಂಬ ದೇಶದವಳು. ಒಂದು ವರ್ಷ ಸೇವೆ ಮಾಡಲೆಂದು ಊರಿನ ಚರ್ಚಿಗೆ ಬಂದಿದ್ದಳು. ಬೆಳಿಗ್ಗೆ ಚರ್ಚಿನ ಅಂಗಳ ಗುಡಿಸುತ್ತಿದ್ದಳು. ಹಗಲು ಸಿಸ್ಟರ್ ಜೊತೆ ಔಷಧದ ಡಬ್ಬಿ ಹಿಡಿದುಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದಳು. ಸಂಜೆ ಯಾವ ಓಣಿಯ ಮಕ್ಕಳು ಬಂದರೂ ಕೂರಿಸಿಕೊಂಡು ಪಾಠ ಹೇಳುತ್ತಿದ್ದಳು. ಮೂಗು ಸೋರುವವರಿದ್ದರೆ ಮೊದಲು ಮೂಗು ಒರೆಸುತ್ತಿದ್ದಳು.

ಊರಿನವರಿಗೆ ಮೊದಮೊದಲು ಅವಳು ವಿಚಿತ್ರವಾಗಿ ಕಂಡಳು. ಅಷ್ಟು ದೂರದಿಂದ ವಿಮಾನ ಹತ್ತಿ ಬಂದವಳು ಎಂಥೆಂಥದಕ್ಕೋ ಖುಷಿಪಡುತ್ತಿದ್ದಳು. ಒಗೆದ ಬಟ್ಟೆ ಅರ್ಧ ತಾಸಿನಲ್ಲಿ ಒಣಗಿತೆಂದು ಖುಷಿ. ಸವದತ್ತಿ ಬಸ್ಸಿನ ಕಂಡಕ್ಟರ್ "ಏ ತಂಗಿ, ಒಳಗ ಸರಿ" ಎಂದು ಗದರಿದನೆಂದು ಖುಷಿ. ತಾನು ಬಡಿದ ರೊಟ್ಟಿ ಹರಿಯದೆ ಹಂಚಿಗೆ ಬಿದ್ದರೆ ಅದಕ್ಕೊಂದು ಫೋಟೊ.

ಅಬ್ಬಾ ಆಟೋ ಓಡಿಸುತ್ತಿದ್ದ. ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದ ಮೇಲೆ ನೇಜಕ್ಕನನ್ನು ಮಲಪ್ರಭೆಯ ಹಿನ್ನೀರಿನ ದಂಡೆಗೆ ಬಿಡುವುದು ಅವನ ಕೆಲಸ. ಅಲ್ಲಿ ಅವಳು ದುರ್ಬೀನು ಹಿಡಿದು ಹಕ್ಕಿ ನೋಡುತ್ತಿದ್ದಳು. ಮೊದಲ ಸಲ ಅಬ್ಬಾ ಆಟೋದಲ್ಲೇ ನಿದ್ದೆ ಮಾಡಿದ. ಆಮೇಲೊಂದು ಸಲ ತಾನೂ ಕಣ್ಣಿಟ್ಟು ನೋಡಿದ. ಅದಾದ ಮೇಲೆ ಅಂಬರೀನಳನ್ನೂ ಕರೆದುಕೊಂಡು ಹೋಗತೊಡಗಿದ.

"ಅಷ್ಟ ದೂರದಿಂದ ಬಂದು, ನಮ್ಮೂರ ಕೊಕ್ಕರಿ ನಮಗ ತೋರಸಾಕ ಹತ್ಯಾಳ ನೋಡ ಆಕಿ," ಎಂದು ಮನೆಯಲ್ಲಿ ನಗುತ್ತಿದ್ದ. ಆ ನಗುವಿನಲ್ಲಿ ಗೇಲಿ ಇರುತ್ತಿರಲಿಲ್ಲ.

ಈದಿನ ಹಿಂದಿನ ಸಂಜೆ ಅಬ್ಬಾ ದುರ್ಬೀನು ಕೇಳಿ ತಂದ. ಚಾಂದ್ ನೋಡಬೇಕಿತ್ತು. ಓಣಿಗೆ ಓಣಿಯೇ ಅವರ ಮಾಳಿಗೆ ಹತ್ತಿತು. ಎದುರುಮನೆಯ ಮುದುಕಿ ಹಾಜಿರಾಬಿ ಮಾತ್ರ ಜಗಳ ತೆಗೆದಳು. ಚಾಂದನ್ನು ಬರಿಗಣ್ಣಿನಿಂದ ನೋಡಬೇಕು, ಗಾಜಿನಲ್ಲಿ ನೋಡಿದ್ದು ನೋಡಿದ ಹಾಗಲ್ಲ ಎಂದಳು. ಎಲ್ಲರೂ ಆಕಾಶ ನೋಡುತ್ತಿರುವಾಗ ತಾನೇ ಮೆಲ್ಲಗೆ ದುರ್ಬೀನು ಎತ್ತಿಕೊಂಡು ಅಬ್ಬಾನನ್ನು ಕೂಗಿದಳು.

"ಚಾಂದ ಎಲ್ಲೈತೋ ಅಮೀರಾ? ನನಗ ನನ್ನ ಎಮ್ಮಿ ಕಾಣಾಕ ಹತ್ತೈತಿ. ಖೋಡಿ, ಮತ್ತ ಹಗ್ಗ ಹರಕೊಂಡೈತಿ."

ಮಾಳಿಗೆಯೆಲ್ಲ ನಕ್ಕಿತು. ಚಾಂದ್ ಕಂಡಾಗ ಅಬ್ಬಾ ಅಂಬರೀನಳನ್ನು ನೀರಿನ ಟಾಕಿಯ ಮೇಲೆ ನಿಲ್ಲಿಸಿ ತೋರಿಸಿದ. ಎಲ್ಲರೂ ಇಳಿದುಹೋದ ಮೇಲೆ, ಕೊನೆಗೆ ತಾನು ಬಹಳ ಹೊತ್ತು ನೋಡಿದ.

ಹಬ್ಬದ ಮರುದಿನ ನೇಜಕ್ಕ ಹಾಸ್ಟೆಲಿನ ಕೆಲಸಕ್ಕೆಂದು ರಾಮದುರ್ಗಕ್ಕೆ ಹೊರಟಳು. ತಿರುಗಿ ಬಂದ ಮೇಲೆ ಕೊಟ್ಟರಾಯಿತು ಎಂದು ಅಬ್ಬಾನಿಗೆ ಹೇಳಿದಳು. ಅದನ್ನು ಕೇಳಿಸಿಕೊಂಡವಳು ಅಂಬರೀನ ಒಬ್ಬಳೇ; ಉಳಿದವರು ದುರ್ಬೀನು ಆಗಲೇ ತಿರುಗಿ ಹೋಯಿತೆಂದು ತಿಳಿದಿದ್ದರು. ಅವಳು ಬರುವ ಮೊದಲೇ ಒಂದು ಮಧ್ಯಾಹ್ನ, ಸ್ಟ್ಯಾಂಡಿನಲ್ಲಿ, ಆಟೋದಲ್ಲಿ ಕುಳಿತಲ್ಲೇ ಅಬ್ಬಾನ ಎದೆ ನಿಂತುಹೋಯಿತು.

ಸುದ್ದಿ ತಿಳಿದು ನೇಜಕ್ಕ ಬಂದಳು. ತಾನೇ ಬಡಿದ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಒಂದೂ ದುಂಡಗಿರಲಿಲ್ಲ. ಹೆಂಗಸರ ನಡುವೆ ಚಾಪೆಯ ಮೇಲೆ ಸಂಜೆಯತನಕ ಕುಳಿತಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಹೋಗುವಾಗ ಬಚ್ಚಲಿನಲ್ಲಿ ಬಿದ್ದಿದ್ದ ಪಾತ್ರೆಗಳನ್ನೆಲ್ಲ ತಿಕ್ಕಿ, ಬೋರಲು ಹಾಕಿ ಹೋದಳು.

ದುರ್ಬೀನಿನ ಮಾತು ಎತ್ತಲಿಲ್ಲ. ಮರೆತಿರಬೇಕು ಎಂದುಕೊಂಡಳು ಅಂಬರೀನ. ಇಲ್ಲದಿದ್ದರೆ ಅವಳ ದೇಶದಲ್ಲಿ ಇಂಥವು ಬೇಕಾದಷ್ಟು ಸಿಗುತ್ತಿರಬೇಕು.

ಅವತ್ತು ಶಾಲೆಗೆ ಚಾಚಾ ಅಬ್ಬಾನ ಆಟೋದಲ್ಲೇ ಬಿಟ್ಟ. ಅಬ್ಬಾ ಎಡಕ್ಕೆ ತಪ್ಪಿಸುತ್ತಿದ್ದ ತಗ್ಗನ್ನು ಚಾಚಾ ಬಲಕ್ಕೆ ತಪ್ಪಿಸಿದ.

ಶಾಲೆಯಲ್ಲಿ ಮಿಸ್ ಹೋಮ್‌ವರ್ಕ್ ಕೇಳಲಿಲ್ಲ. ಕುಂಟಾಬಿಲ್ಲೆಯಲ್ಲಿ ಗೆರೆ ತುಳಿದರೂ ಯಾರೂ ಔಟ್ ಎನ್ನಲಿಲ್ಲ. ಅಂಬರೀನಳಿಗೆ ಅದು ಸೇರಲಿಲ್ಲ. ಗೆಳತಿ ಮಧು ಒಬ್ಬಳೇ ಎಂದಿನ ಹಾಗೆ ಬಾಯಿ ಮುಚ್ಚದೆ ಮಾತಾಡಿದಳು. ನೇಜಕ್ಕ ನಿನ್ನೆ ಟ್ಯೂಷನ್ ಮಕ್ಕಳನ್ನೆಲ್ಲ ಕೆರೆಯ ಏರಿಗೆ ಕರೆದುಕೊಂಡು ಹೋಗಿದ್ದಳಂತೆ. ದೂರದಲ್ಲಿ ಹಕ್ಕಿಗಳ ಹಿಂಡು ಇಳಿದಿತ್ತಂತೆ. ನೇಜಕ್ಕ ಎರಡೂ ಕೈಗಳನ್ನು ಕೊಳವೆ ಮಾಡಿ ಕಣ್ಣಿಗೆ ಹಿಡಿದುಕೊಂಡು ನೋಡಿದಳಂತೆ.

"ಎಲ್ಲಾರೂ ನಕ್ವಿ. ಆಕಿನೂ ನಕ್ಕಳು. ನಿನ್ನ ದುರ್ಬೀನ ಎಲ್ಲೈತಿ ಅಕ್ಕಾ ಅಂತ ಕೇಳಿದೆ," ಎಂದಳು ಮಧು.

ಅಂಬರೀನ ನಿಂತಳು. "ಏನಂದಳು?"

"ಅದು ಈಗ ಕೆಲಸದ ಮ್ಯಾಲ ಐತಿ ಅಂದಳು. ಡ್ಯೂಟಿಗೆ ಹೋಗೈತೇನ್ ಅದು?"

ಅಕ್ಕ ಮರೆತಿರಲಿಲ್ಲ.

ಸಂಜೆ ಟ್ಯೂಷನ್ನಿಗೆ ಹೋಗಬಾರದೆಂದುಕೊಂಡವಳು ಹೋದಳು. ಚರ್ಚಿನ ಕಂಪೌಂಡಿನಲ್ಲಿ ಮಕ್ಕಳು ಸುತ್ತಲೂ ಕುಳಿತಿದ್ದರು. ಪುಸ್ತಕ ತೆರೆಯುವ ಮೊದಲು ಪ್ರತಿಯೊಬ್ಬರೂ ಅವತ್ತು ನಡೆದ ಒಂದು ಒಳ್ಳೆಯ ಸಂಗತಿ ಹೇಳಬೇಕು. ನೇಜಕ್ಕನ ನಿಯಮ ಒಂದೇ. ಅದು ಸಣ್ಣದಿರಬೇಕು. ಫಸ್ಟ್ ರ‍್ಯಾಂಕ್ ಬಂದದ್ದು, ಹೊಸ ಸೈಕಲ್ ಕೊಡಿಸಿದ್ದು ನಡೆಯುವುದಿಲ್ಲ.

ನಿಂಗರಾಜನ ಪೆಪ್ಸಿ ಐಸ್‌ಕ್ಯಾಂಡಿ ಕೊನೆಯತನಕ ಕರಗದೆ ಉಳಿದಿತ್ತು. ಮಧುವಿನ ಅಕ್ಷರ ನೋಡಿ ಕನ್ನಡ ಮಿಸ್ ಅವಳ ಪೆನ್ನು ಇಸಿದುಕೊಂಡು ಬರೆದು ನೋಡಿದ್ದರು. ಅಂಬರೀನಳ ಸರದಿ ಬಂತು. ಅವಳು ತಲೆ ಅಲ್ಲಾಡಿಸಿದಳು. ನೇಜಕ್ಕ ಅದೂ ಒಂದು ಉತ್ತರವೆಂಬಂತೆ ಒಪ್ಪಿಕೊಂಡು ಮುಂದಿನವರ ಕಡೆ ತಿರುಗಿದಳು.

ಕೊನೆಗೆ ನೇಜಕ್ಕನೇ ಹೇಳಬೇಕಿತ್ತು. ಅವಳು ಕನ್ನಡ ಕಲಿತದ್ದು ಇದೇ ಊರಿನಲ್ಲಿ.

"ಮುಂಜಾನಿ ಗ್ವಾಡಿ ಮ್ಯಾಲ ಒಂದ ಹಕ್ಕಿ ಬಂತು. ಯಾವ ಹಕ್ಕಿ, ಗೊತ್ತಾಗಲಿಲ್ಲ. ದೂರ ಇತ್ತು. ಬಾಲ ಅಷ್ಟ ಕಾಣಸ್ತು. ಹಿಂಗ, ಹಿಂಗ ಕುಣಸಾಕ ಹತ್ತಿತ್ತು." ಅವಳು ಬೆರಳಾಡಿಸಿ ತೋರಿಸಿದಳು. "ನನಗ ಅಷ್ಟ ಸಾಕಾತು."

ಮಕ್ಕಳು ನಕ್ಕು ಬೆರಳಾಡಿಸಿದರು. ಅಂಬರೀನ ಅಕ್ಕನ ಮುಖ ನೋಡಿದಳು. ಅವಳಿಗೆ ನಿಜವಾಗಿಯೂ ಅಷ್ಟೇ ಸಾಕಾಗಿತ್ತು. ಬರೀ ಬಾಯಿಮಾತಿಗೆ ಹೇಳಿದ್ದರೆ ಚೆನ್ನಾಗಿತ್ತು, ದುರ್ಬೀನು ಇಟ್ಟುಕೊಳ್ಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ ಎಂದು ಅಂಬರೀನಳಿಗೆ ಅನಿಸಿತು.

ಮನೆಗೆ ಬಂದು ಕೌದಿಗಳ ನಡುವೆ ಕೈ ಹಾಕಿ ದುರ್ಬೀನು ಎಳೆದಳು. ಅಮ್ಮಿಯ ಮಡಿಲಿನಲ್ಲಿ ತಂದಿಟ್ಟಳು. ಹಬ್ಬದ ಮೇಲೆ ಅದು ತಿರುಗಿ ಹೋಗಿರಲೇ ಇಲ್ಲ ಎಂಬುದನ್ನೆಲ್ಲ ಹೇಳಿದಳು.

ಅಮ್ಮಿ ಸಿಟ್ಟಾಗಲಿಲ್ಲ. "ಮುಂಜಾನಿ ಯಾಕ ಹೇಳಲಿಲ್ಲ?" ಎಂದಳು.

"ಕೊಟ್ಟರ ಹೋಗಿಬಿಡತೈತಿ."

"ಹೂಂ," ಎಂದಳು ಅಮ್ಮಿ. "ಹೋಗತೈತಿ."

ಹೊರಗೆ ಯಾರೋ ಎಮ್ಮೆ ಹೊಡೆದುಕೊಂಡು ಹೋದರು. ಅಮ್ಮಿ ದುಪಟ್ಟಾದ ಅಂಚಿನಿಂದ ದುರ್ಬೀನಿನ ಗಾಜುಗಳನ್ನು ಒರೆಸಿದಳು. ಕಣ್ಣಿಗಿಟ್ಟು ನೋಡಲಿಲ್ಲ. ಗಂಡ ತೀರಿಕೊಂಡವಳು ಇದ್ದತ್ತಿನ ದಿನಗಳು ಮುಗಿಯುವ ತನಕ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ಕೊಟ್ಟುಬರಲು ಬೇರೆ ಯಾರಾದರೂ ಹೋಗಬೇಕಿತ್ತು.

"ಚಾಚಾನ ಕೈಯಾಗ ಕಳಸಲೇನು? ನೀನ ಒಯ್ಯತಿಯೇನು?"

ಅಂಬರೀನ ಅಮ್ಮಿಯ ಕೈಯಿಂದ ದುರ್ಬೀನು ಇಸಿದುಕೊಂಡಳು.

"ನಾನ ಒಯ್ತೇನಿ."

ಮರುದಿನ ಭಾನುವಾರ. ಪ್ರಾರ್ಥನೆ ಮುಗಿದು ಜನ ಚದುರುತ್ತಿದ್ದರು. ನೇಜಕ್ಕ ಜಮಖಾನೆಗಳನ್ನು ಹೊರಗೆ ತಂದು ಕೊಡವುತ್ತಿದ್ದಳು. ಧೂಳಿಗೆ ತಾನೇ ಸೀನಿ, ತಾನೇ ನಗುತ್ತಿದ್ದಳು.

ಅಂಬರೀನ ಎರಡೂ ಕೈಗಳಿಂದ ದುರ್ಬೀನು ಚಾಚಿದಳು. ಗ್ಯಾರೇಜಿನವನಿಗೆ ಚಾಚಾ ಹೇಳಿದ ಮಾತನ್ನೇ ಹೇಳಿದಳು. "ಅಬ್ಬಾ ನಿನ್ನ ಕಡಿಂದ ತಂದಿದ್ದ. ತಡ ಆತು. ಮಾಫ್ ಮಾಡು."

ನೀನೇ ಇಟ್ಟುಕೋ ಎಂದುಬಿಟ್ಟರೆ ಏನು ಮಾಡುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದಳು. ನೇಜಕ್ಕ ಹಾಗೆನ್ನಲಿಲ್ಲ. ಜಮಖಾನೆ ಕೆಳಗಿಟ್ಟು, ಕೈ ಒರೆಸಿಕೊಂಡು, ಅವಳೂ ಎರಡೂ ಕೈಗಳಿಂದ ತೆಗೆದುಕೊಂಡಳು.

ರಸ್ತೆಯಾಚೆಯ ನೀರಿನ ಟ್ಯಾಂಕಿನ ಮೇಲೆ ಕಪ್ಪಗೆ ಏನೋ ಕುಳಿತಿತ್ತು. ನೇಜಕ್ಕ ದುರ್ಬೀನನ್ನು ಕಣ್ಣಿಗಿಟ್ಟಳು. ಕೂಡಲೇ ಕೆಳಗಿಳಿಸಿ ಕಣ್ಣು ಮಿಟುಕಿಸಿದಳು.

ಯಾಕೆಂದು ಅಂಬರೀನಳಿಗೆ ಗೊತ್ತಿತ್ತು. ಅಬ್ಬಾ ಚಷ್ಮಾ ತೆಗೆದಿಟ್ಟು ದುರ್ಬೀನು ನೋಡುತ್ತಿದ್ದ. ಬಲಗಣ್ಣಿನ ಬಳಿ ಒಂದು ಸಣ್ಣ ಉಂಗುರವಿದೆ, ನಡುವೆ ಒಂದು ಗಾಲಿಯಿದೆ. ಎರಡನ್ನೂ ತನ್ನ ಕಣ್ಣಿಗೆ ತಕ್ಕ ಹಾಗೆ ತಿರುಗಿಸಿಕೊಳ್ಳುತ್ತಿದ್ದ. ಚಾಂದ್ ನೋಡಿದ ರಾತ್ರಿ ತಿರುಗಿಸಿದ್ದು ಹಾಗೇ ಇತ್ತು. ಕೌದಿಯ ಮರೆಯಲ್ಲಿ ಅಂಬರೀನ ಎಷ್ಟೋ ಸಲ ನೋಡಿದ್ದಳು. ಕಿಟಕಿ, ಬೇವಿನ ಮರ, ಹಾಜಿರಾಬಿಯ ಎಮ್ಮೆ, ಎಲ್ಲವೂ ಮಸಕು. ಆದರೂ ಅವಳು ಉಂಗುರ ಮುಟ್ಟಿರಲಿಲ್ಲ.

ನೇಜಕ್ಕನ ಬೆರಳು ಉಂಗುರದ ಮೇಲೆ ಹೋಗಿ ನಿಂತಿತು. ಅವಳು ಅಂಬರೀನಳನ್ನು ನೋಡಿದಳು. ಬೆರಳನ್ನು ಹಿಂದಕ್ಕೆ ತೆಗೆದಳು. ದುರ್ಬೀನನ್ನು ಹಾಗೇ ಎದೆಗೆ ಹಿಡಿದುಕೊಂಡಳು.

ಟ್ಯಾಂಕಿನ ಮೇಲಿದ್ದದ್ದು ಇನ್ನೂ ಹಾರಿರಲಿಲ್ಲ.

"ಕಣ್ಣಿಗೆ ಹಿಡಕೋ ಅಕ್ಕಾ," ಎಂದಳು ಅಂಬರೀನ.

ನೇಜಕ್ಕ ಸ್ವಲ್ಪ ಬಗ್ಗಿ ಹಿಡಿದುಕೊಂಡಳು. ಅಂಬರೀನ ತುದಿಗಾಲಿನಲ್ಲಿ ನಿಂತು ಗಾಲಿ ತಿರುಗಿಸಿದಳು. ಆಮೇಲೆ ಉಂಗುರಕ್ಕೆ ಬೆರಳಿಟ್ಟಳು. ಅದು ಬಿಗಿಯಾಗಿತ್ತು. ಜೋರು ಹಾಕಿದಾಗ ಕದಲಿತು.

"ಈಗ?"

"ಇನ್ನ ಸ್ವಲ್ಪ."

ಅಂಬರೀನ ಇನ್ನೂ ಸ್ವಲ್ಪ ತಿರುಗಿಸಿದಳು.

"ಈಗ?"

ನೇಜಕ್ಕ ಉಸಿರು ಹಿಡಿದು ನೋಡುತ್ತಿದ್ದಳು. ಬಾಯಿ ತುಸು ತೆರೆದಿತ್ತು.

ದುರ್ಬೀನು ಅಲುಗದ ಹಾಗೆ ಅಂಬರೀನ ಮೆಲ್ಲಗೆ ಕೈ ತೆಗೆದಳು.