ಇಳಿತದ ಹೊತ್ತಿಗೆ ಬನ್ನಿ

"ಹ್ವಾಯ್, ಸ್ವಲ್ಪ ನಿಲ್ಲಿ!"

ಹಿಂದಿನ ಬೆಂಚಿನಿಂದ ಬಂದ ಸ್ವರಕ್ಕೆ, ತನ್ನ ಸಮೀಕ್ಷೆಯ ವರದಿ ಓದುತ್ತಿದ್ದ ರತೀಶ್ ತಡವರಿಸಿದ. ಎಂ.ಎ. ಸಾಮಾಜಿಕ ನೀತಿಯ ಆ ತರಗತಿಯಲ್ಲಿ ಅವನ ಮಾತಿಗೆ ಯಾರೂ ಅಡ್ಡ ಬಂದವರಲ್ಲ. ಬ್ರಹ್ಮಾವರದ ಬಟ್ಟೆ ಅಂಗಡಿಯವರ ಮಗ, ಓದಿನಲ್ಲಿ ಮೊದಲಿಗ, ನೋಡಲೂ ಚೆಂದ. ಅಂಥವನನ್ನು ಬಸ್ ನಿಲ್ಲಿಸುವ ಹಾಗೆ ನಿಲ್ಲಿಸಿದವಳು ಗುಲ್ವಾಡಿಯ ಅನಿಷಾ.

"ಗುಲ್ವಾಡಿಯ ಹೊಳೆಬದಿಯ ಹೆಂಗಸರಿಗೆ ಉದ್ಯೋಗವಿಲ್ಲ ಅಂದ್ರಲ್ಲ, ಅದರಲ್ಲಿ ನನ್ನ ಅಮ್ಮ ಹರಿಣಾಕ್ಷಿಯೂ ಇದ್ದಾರಾ? ಅವರು ಹೊಳೆಯಲ್ಲಿ ಚಿಪ್ಪುಮೀನು ಹೆಕ್ಕಿ ಮಾರಿದ್ದಕ್ಕೇ ನಾನು ಈ ಬೆಂಚಿನಲ್ಲಿ ಕೂತಿರುವುದು."

ರತೀಶ್ ಕೈಯಲ್ಲಿದ್ದ ಹಾಳೆ ತಿರುವಿ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ನಿಮ್ಮ ಮನೆಗೂ ಹೋಗಿದ್ದೆ. 'ಅವ್ಳಿಗೆ ಎಂತ ಕೆಲ್ಸವೂ ಇಲ್ಲೆ, ಮನಿಯಗೇ ಇಪ್ದ್' ಅಂದದ್ದು ನಿಮ್ಮ ಅಪ್ಪಯ್ಯನೇ."

ಅನಿಷಾಳ ಮುಖ ಕೆಂಪಾಯಿತು. ಅಪ್ಪಯ್ಯ... ಹಂಚಿನ ಕಾರ್ಖಾನೆ ಮುಚ್ಚಿದ ಮೇಲೆ ಅಮ್ಮನ ದುಡಿಮೆಯಲ್ಲೇ ಉಣ್ಣುತ್ತಿರುವ ಅಪ್ಪಯ್ಯ ಹಾಗೆಂದರೇ? ಕಣ್ಣು ತುಂಬಿತು. ಆದರೆ ಇವನೆದುರು ಅಳುವುದುಂಟೇ!

ಯಾವ ಹೊತ್ತಿಗೆ ಹೋಗಿದ್ದಿರಿ ಎಂದು ಕೇಳಿದಳು. ನೀರು ಇಳಿದಿತ್ತು, ಹಾಗಾಗಿ ಹೊಳೆಯಂಚಿನಲ್ಲೇ ನಡೆದು ಹೋದೆ ಎಂದ. ದೂರದಲ್ಲಿ ಕೆಲವು ಹೆಂಗಸರು ಬಗ್ಗಿ ಏನೋ ಹೆಕ್ಕುತ್ತಿದ್ದರು ಎಂದೂ ಸೇರಿಸಿದ. ತರಗತಿಯೆಲ್ಲ ಗೊಳ್ಳೆಂದಿತು.

"ಆ ಹೆಂಗಸರನ್ನೇ ನೀವು ಕೇಳಬೇಕಿತ್ತು. ಅವರು ನೀರಿನಲ್ಲಿದ್ದಾಗ ಜಗಲಿಯಲ್ಲಿ ಕೂತ ಗಂಡಸರನ್ನು ಕೇಳಿ ಬಂದಿರಿ. ಧೈರ್ಯ ಇದ್ದರೆ ಇಳಿತದ ಹೊತ್ತಿಗೆ ಬನ್ನಿ. ಜಗಲಿಗಲ್ಲ, ಹೊಳೆಗೆ."

ಅವನು ಬರಲಿಕ್ಕಿಲ್ಲ ಎಂದುಕೊಂಡಿದ್ದಳು. ಬಂದ! ಪ್ಯಾಂಟು ಮಡಚಿ, ಬೂಟು ಕೈಯಲ್ಲಿ ಹಿಡಿದು ಬಂದವನು ಕೆಸರಿಗೆ ಕಾಲಿಟ್ಟದ್ದೇ ಜಾರಿ ಕೂತ. ಹರಿಣಾಕ್ಷಿ ನಕ್ಕು ಅವನ ಕೈಗೊಂದು ಹೆಡಿಗೆ ಕೊಟ್ಟರು.

"ಸುಮ್ಗೆ ನಿಂತ್ರ್ ಆತಿಲ್ಲ ಮಗಾ, ಬಗ್ಗಿ ಹೆಕ್ಕ್."

ಆಮೇಲೆ ಅವನು ಇಳಿತ ನೋಡಿಕೊಂಡೇ ಬರತೊಡಗಿದ. ಕೆಸರಿನಡಿಯ ಚಿಪ್ಪನ್ನು ಕಾಲಿನಲ್ಲೇ ತಡಕುವುದನ್ನು ಕಲಿತ. ಬೆರಳು ಕೊಯ್ದುಕೊಂಡಾಗ ಅನಿಷಾ ಬೈಯುತ್ತಲೇ ಬಟ್ಟೆ ಕಟ್ಟಿದಳು, ಕಟ್ಟಿದ ಮೇಲೂ ಆ ಕೈಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದಳು. 'ನೀವು' ಹೋಗಿ 'ನೀನು' ಆದದ್ದು ಯಾವಾಗ ಎಂದು ಇಬ್ಬರಿಗೂ ತಿಳಿಯಲಿಲ್ಲ. ತಪ್ಪು ವರದಿಯನ್ನು ವಾಪಸ್ ತೆಗೆದುಕೊಳ್ಳುತ್ತೇನೆ ಎಂದು ಅವನು ಹೇಳಿದ ದಿನ, ಇವನನ್ನು ನಂಬಬಹುದು ಎಂದು ಅವಳ ಮನಸ್ಸು ಹೇಳಿತು.

ನಂಬಿದ್ದೇ ತಪ್ಪಾಯಿತೇ?

ಗ್ರಾಮಸಭೆಯ ದಿನ ಅಧ್ಯಕ್ಷ ಸುಧಾಕರಣ್ಣ ಮೈಕ್ ಹಿಡಿದು, ಕೆಲಸ ನಿಂತಾಗ ಮೀನುಗಾರರಿಗೆ ಸಿಗುವ ನೆರವಿಗೆ ಹೊಳೆಬದಿಯ ಹೆಂಗಸರನ್ನು ಸೇರಿಸಲು ಬರುವುದಿಲ್ಲ ಎಂದರು. ಅವರಿಗೆ ಉದ್ಯೋಗವೇ ಇಲ್ಲವೆಂದು ಕಾಲೇಜಿನಿಂದ ಪಂಚಾಯತಿಗೆ ಬಂದ ರತೀಶರ ವರದಿ ಹೇಳಿದೆಯಂತೆ.

ಅನಿಷಾ ಫೋನ್ ಕೈಗೆತ್ತಿಕೊಂಡಳು. ಅದೇ ವರದಿ! ಫೋನ್ ಮಾಡಿದರೆ ಅವನದು ಸ್ವಿಚ್ ಆಫ್. ಎಷ್ಟಾದರೂ ನೆರಳಲ್ಲಿ ಬೆಳೆದವನು... ಕೆಸರು ತೊಳೆದ ಹಾಗೆ ನಮ್ಮನ್ನೂ ತೊಳೆದುಕೊಂಡನೇ?

ಹೋಗಲಿ. ಅವನಿಲ್ಲದಿದ್ದರೆ ನನಗೆ ಬಾಯಿಲ್ಲವೇ? ಎದ್ದು ನಿಂತಳು.

"ಸುಧಾಕರಣ್ಣ, ಆ ವರದಿ ಸುಳ್ಳ್. ನಂಬುಕಾತಿಲ್ಲ."

ಹಾಗಾದರೆ ಆ ಹೆಂಗಸರಲ್ಲಿ ಒಬ್ಬರಾದರೂ ಸಭೆಗೆ ಬರಬಹುದಿತ್ತಲ್ಲ ಎಂದು ಅಧ್ಯಕ್ಷರು ನಕ್ಕರು. ಸಭೆ ಇಟ್ಟದ್ದೂ ಸರಿಯಾಗಿ ಇಳಿತದ ಹೊತ್ತಿಗೆ. ದಿನದ ಅನ್ನ ಬಿಟ್ಟು ಅವರು ಹೇಗೆ ಬಂದಾರು? ಅವಳು ಅದನ್ನೇ ಹೇಳಲು ಬಾಯಿ ತೆರೆದಾಗ ಹೊರಗೆ ಮಾತಿನ ಸದ್ದಾಯಿತು.

ಹೆಂಗಸರು ಒಳಗೆ ಬಂದರು. ತಲೆಯ ಮೇಲೆ ತುಂಬಿದ ಹೆಡಿಗೆ, ಒದ್ದೆ ಸೀರೆ. ಮುಂದೆ ಹರಿಣಾಕ್ಷಿ. ಎಲ್ಲರ ಹಿಂದೆ, ಸೊಂಟದವರೆಗೂ ಕೆಸರಾಗಿ, ಹೆಡಿಗೆ ಹೊತ್ತ ರತೀಶ್.

"ಇವ ನಮ್ಮೊಟ್ಟಿಗೆ ಬೆಳಿಗ್ಗೆಯಿಂದ ಹೆಕ್ಕಿ ಹೆಡ್ಗಿ ತುಂಬ್ಸಿ ಕೊಟ್ಟದ್ದಕ್ಕೆ ಬಪ್ಪುಕ್ ಆಯ್ತ್" ಎಂದರು ಹರಿಣಾಕ್ಷಿ.

ರತೀಶ್ ಮೈಕ್ ತೆಗೆದುಕೊಳ್ಳಲಿಲ್ಲ. ವರದಿ ತನ್ನದೇ, ತಪ್ಪೂ ತನ್ನದೇ, ಕಾಲೇಜಿಗೆ ಹೇಳಿ ವಾಪಸ್ ತೆಗೆದಾಗಿದೆ, ಪಂಚಾಯತಿಗೂ ತಿಳಿಸಿದ್ದೆ, ಯಾರೂ ಗಮನಿಸಲಿಲ್ಲ ಎಂದು ನಿಂತಲ್ಲಿಂದಲೇ ಹೇಳಿದ. ಇನ್ನು ನನ್ನನ್ನು ಕೇಳಬೇಡಿ, ಇವರನ್ನು ಕೇಳಿ ಎಂದು ಹಿಂದೆ ಸರಿದ.

ಸಭೆಯಲ್ಲಿದ್ದ ಗಂಡಸರು ನೆಲ ನೋಡಿದರು. ಅನಿಷಾ ಮಾತ್ರ ಮೂಲೆಯ ಕುರ್ಚಿಯಲ್ಲಿದ್ದ ಅಪ್ಪಯ್ಯ ಚಂದಯ್ಯನವರತ್ತ ತಿರುಗಿದಳು. ವರದಿಯ ದಿನದಿಂದ ಅಪ್ಪ ಮಗಳ ಮಾತು ನಿಂತೇ ಹೋಗಿತ್ತು.

"ಅಪ್ಪಯ್ಯ, ಅಮ್ಮ ಎಂತ ಮಾಡ್ತ್ರ್?"

ಚಂದಯ್ಯ ಎದ್ದರು. ಹೆಂಡತಿ ದುಡಿದು ಹಾಕುತ್ತಾಳೆ ಎಂದು ನಾಲ್ಕು ಜನರೆದುರು ಹೇಳಲು ಇಷ್ಟು ವರ್ಷ ನಾಚಿದ್ದ ಮನುಷ್ಯ. ಹರಿಣಾಕ್ಷಿಯ ಒದ್ದೆ ಸೀರೆಯನ್ನು ನೋಡಿದರು.

"ಹೊಳಿಗ್ ಇಳಿತ್ಲ್. ನಾವೆಲ್ಲ ಉಂಬುದ್ ಅದ್ರಗೇ."

ಹರಿಣಾಕ್ಷಿ ತಲೆಯ ಹೆಡಿಗೆ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡರು. ಅಧ್ಯಕ್ಷರು ಹೆಂಗಸರ ಹೆಸರು ಒಂದೊಂದಾಗಿ ಬರೆಸತೊಡಗಿದರು.

ಮಧ್ಯಾಹ್ನ ಹೊಳೆಗೆ ಮತ್ತೆ ನೀರು ಏರುತ್ತಿತ್ತು. ಖಾಲಿ ಹೆಡಿಗೆ ತೊಳೆಯುತ್ತಿದ್ದ ರತೀಶನ ಬಳಿ ಅನಿಷಾ ಬಂದು ನಿಂತಳು.

"ಫೋನ್ ಎಂತಕೆ ಆಫ್?"

"ಹೊಳೆಗೆ ಬಿತ್ತ್."

ನಗು ತಡೆಯಲಾಗಲಿಲ್ಲ ಅವಳಿಗೆ. ವರದಿ ವಾಪಸ್ ತೆಗೆದರೆ ಏನಾಯಿತು ಎಂದು ಕೇಳಿದಳು. ಈ ಸಲ ಪಾಸಾಗುವುದಿಲ್ಲ, ಮೊದಲಿನಿಂದ ಮಾಡಬೇಕು ಎಂದ. ಮೊದಲಿಗನಾಗಿದ್ದವನು!

"ನಂಗೋಸ್ಕರ ಮಾಡಿದ್ಯಾ?"

"ಇಲ್ಲ. ತಪ್ಪಾಗಿತ್ತು, ಅದಕ್ಕೆ. ನಿನಗೋಸ್ಕರ ಮಾಡುವುದು ಬೇರೆ ಉಂಟು... ನೀನು ಒಪ್ಪಿದರೆ." ಅವನು ಹೆಡಿಗೆ ತೊಳೆಯುವುದನ್ನು ನಿಲ್ಲಿಸಿದ. "ನೀನಂದ್ರೆ ನಂಗೆ ಇಷ್ಟ, ಅನಿಷಾ. ಮನೆಯಲ್ಲೂ ಹೇಳಿಯಾಯ್ತು."

ಅವಳ ಮುಖ ಅರಳಿತು. ಆದರೂ ತಲೆ ಎತ್ತಿಯೇ ಹೇಳಿದಳು.

"ನಾನ್ ಓದುದ್ ಬಿಡ್ತಿಲ್ಲೆ. ಕೆಲ್ಸವೂ ಮಾಡ್ತೆ. ನಾಳೆ ನಿಮ್ಮನಿ ಜಗಲಿಗ್ ಯಾರಾರೂ ಬಂದ್, ನಿನ್ ಹೆಂಡ್ತಿ ಎಂತ ಮಾಡ್ತ್ಲ್ ಅಂದ್ರೆ ನೀನ್ ಎಂತ ಹೇಳ್ತೆ?"

ರತೀಶ್ ಅವಳ ಕಣ್ಣನ್ನೇ ನೋಡಿದ.

"'ಅವ್ಳನ್ನೇ ಕೇಳಿ' ಅಂತ ಹೇಳ್ತೆ."

ಅನಿಷಾ ಹೆಡಿಗೆಯ ಒಂದು ಬದಿ ಹಿಡಿದಳು. ಇನ್ನೊಂದು ಬದಿಯನ್ನು ಅವನು ಬಿಡಲಿಲ್ಲ. ಇಬ್ಬರೂ ಮನೆಯ ಕಡೆ ನಡೆದರು.